ಗೋಡೆಯ ಬಂದೂಕು, ಪೆಟ್ಟಿಗೆಯ ಪದಕ

ಯುದ್ಧದ ಹಳೇ ಸಾಮಾನು ಕೂಡಿಡುವ ಆಸೆ ನನಗೆ ಹತ್ತಿದ್ದು ಎನ್‌ಸಿಸಿ ದಿನಗಳಲ್ಲಿ. ಕವಾಯತಿಗೆ ಕೊಡುತ್ತಿದ್ದದ್ದು ‘ಡಿಪಿ’ ಮುದ್ರೆಯ ತ್ರೀ ನಾಟ್ ತ್ರೀ ರೈಫಲ್. ಗುಂಡು ಹಾರಿಸುವ ಕೆಲಸದಿಂದ ಬಿಡಿಸಿ ಕವಾಯತಿಗಷ್ಟೇ ಉಳಿಸಿದ್ದ ಬಂದೂಕು. ತೂಕ ನಾಲ್ಕು ಕಿಲೋ ಆಸುಪಾಸು. ಎರಡು ಮಹಾಯುದ್ಧ, 1947–48ರ ಕಾಶ್ಮೀರ, 1962ರ ಚೀನಾ ಗಡಿ, ಎಲ್ಲ ಕಡೆ ನಮ್ಮ ಸೈನಿಕರ ಹೆಗಲಲ್ಲಿದ್ದದ್ದು ಈ ಲೀ ಎನ್‌ಫೀಲ್ಡ್ ವಂಶವೇ. ಅಂಥದೊಂದು ಹುಣಸೂರಿನ ನಮ್ಮ ಮನೆಯ ಗೋಡೆಯಲ್ಲಿರಬೇಕು ಅಂತ ಬಹಳ ಕಾಲ ಅಂದುಕೊಂಡಿದ್ದೆ. ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗಿದಾಗ ವಿಚಾರಿಸಿಯೂ ನೋಡಿದೆ.

ಆಗ ತಿಳಿದದ್ದು ಇಷ್ಟು: ಈ ವಸ್ತುವಿಗೆ ನಮ್ಮಲ್ಲಿ ಸಕ್ರಮವಾದ ಪೇಟೆಯೇ ಇಲ್ಲ. ಪೇಟೆ ಇಲ್ಲದ ವಸ್ತುವಿಗೆ ಯಾರು ಎಷ್ಟೇ ಬೆಲೆ ಹೇಳಿದರೂ ಅದು ಬಾಯಿಮಾತು.

ತ್ರೀ ನಾಟ್ ತ್ರೀ ನಿಷೇಧಿತ ಬೋರ್. ಜಿಲ್ಲಾಧಿಕಾರಿಗಳು ರೈತನಿಗೆ ಬೆಳೆ ರಕ್ಷಣೆಗೆಂದು ಕೊಡುವ ಪರವಾನಗಿಯ ವ್ಯಾಪ್ತಿಗೆ ಅದು ಬರುವುದಿಲ್ಲ. ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ನಿಷೇಧಿತ ಆಯುಧ ಅಕ್ರಮವಾಗಿ ಇಟ್ಟುಕೊಂಡವರಿಗೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಸಜೆ. ಅದೇ ತಿದ್ದುಪಡಿ ಒಬ್ಬರ ಹೆಸರಲ್ಲಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವೂ ಈ ಲೆಕ್ಕಕ್ಕೇ ಸೇರುತ್ತದೆ. ಎರಡಕ್ಕೆ ನಿಂತುಹೋಗುವುದನ್ನು ಸಂಗ್ರಹ ಅನ್ನಲಾಗದು.

‘ನಳಿಗೆಗೆ ವೆಲ್ಡಿಂಗ್ ಮಾಡಿಸಿದೆ, ಕಾಗದ ಪತ್ರ ಏನೂ ಬೇಡ ಸಾರ್’ ಎನ್ನುವ ಮಧ್ಯವರ್ತಿಗಳಿದ್ದಾರೆ. ನನ್ನ ಹತ್ತಿರವೂ ಒಬ್ಬ ಬಂದಿದ್ದ. 1959ರ ಆಯುಧ ಕಾಯ್ದೆಯ 45ನೇ ಕಲಂ ಹಳೇ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಷರತ್ತು ಬಿಗಿ: ರಿಪೇರಿ ಮಾಡಿದರೂ ಅದು ಬಂದೂಕಾಗಿ ಕೆಲಸ ಮಾಡಬಾರದು. ಬೀದಿ ಬದಿಯ ವೆಲ್ಡಿಂಗನ್ನು ಗ್ರೈಂಡರಿನಲ್ಲಿ ಬಿಡಿಸಬಹುದೇ ಎಂದು ತಜ್ಞರು ಪರೀಕ್ಷಿಸಿ ಹೇಳುವ ಹೊತ್ತಿಗೆ ನಾವು ವಕೀಲರ ಮನೆ ಬಾಗಿಲಲ್ಲಿರುತ್ತೇವೆ. ಆ ಖರ್ಚನ್ನು ಬೆಲೆಗೆ ಕೂಡಿಸಿ ನೋಡಿದೆ. ಅವನನ್ನು ಹಾಗೇ ಕಳಿಸಿದೆ.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ ಪರೀಕ್ಷಿಸಿ, ಮುದ್ರೆ ಒತ್ತಿ, ನಿಷ್ಕ್ರಿಯವೆಂದು ಪ್ರಮಾಣಪತ್ರ ಕೊಡುತ್ತದೆ. ಆ ಪತ್ರ ಇರುವುದರಿಂದಲೇ ಅಲ್ಲಿ ಕೊಳ್ಳುವವರು, ಮಾರುವವರು, ಒಂದು ದರ ಎಲ್ಲ ಇವೆ. ಅಲ್ಲಿರುವ ನಮ್ಮ ಹುಡುಗರು ರಜೆಗೆ ಬರುವಾಗ ಒಂದನ್ನು ತಂದುಬಿಡೋಣ ಎಂದು ಯೋಚಿಸದಿರಲಿ. ಆ ಮುದ್ರೆಯನ್ನು ನಂಬಿ ನಮ್ಮ ಕಸ್ಟಮ್ಸ್‌ನವರು ಬಿಟ್ಟು ಕಳಿಸುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೂ ಒಂದು ತೊಡಕು. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಮೂರೂ ನಾಗರಹೊಳೆಯ ಅಂಚಿನ ತಾಲ್ಲೂಕುಗಳು. ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕೆಂದು ವನ್ಯಜೀವಿ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಚುನಾವಣೆ ಬಂತೆಂದರೆ ಕೋವಿ ಹೊತ್ತು ಠಾಣೆಗೆ ನಡೆಯಬೇಕು. ಕಾವೇರಿ ಸೇತುವೆಯಾಚೆ ಕುಶಾಲನಗರದಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಈಚೆಯ ಕೊಪ್ಪದ ರೈತನಿಗಿಲ್ಲ. ಅದನ್ನು ನಂಬಿಕೊಂಡು ಪಿರಿಯಾಪಟ್ಟಣದವರು ಯಾರೂ ದುಡ್ಡು ಹೂಡಬೇಡಿ.

ಹಾಗಾದರೆ ಆಸೆ ಬಿಡಬೇಕೇ? ನಾನು ಬಿಡಲಿಲ್ಲ, ದಾರಿ ಬದಲಿಸಿದೆ. ಕೆ.ಆರ್. ನಗರದ ಬೆಳ್ಳಿ ಅಂಗಡಿಯೊಂದರಲ್ಲಿ, ಕರಗಿಸಲು ಇಟ್ಟಿದ್ದ ಹಳೇ ಕಾಲ್ಗೆಜ್ಜೆಗಳ ನಡುವೆ ಮೊದಲ ಮಹಾಯುದ್ಧದ ಬೆಳ್ಳಿ ಪದಕವೊಂದು ಸಿಕ್ಕಿತು. ಬೆಳ್ಳಿಯ ತೂಕದ ಬೆಲೆಗೇ ಕೊಟ್ಟರು. ಆ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ಪಡೆ ಒತ್ತಿರುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ನಮ್ಮ ಸೀಮೆಯ ಸವಾರರಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು. ಹೆಸರಿರುವ ಪದಕ ಕರಗಿತೆಂದರೆ ಒಬ್ಬ ಮನುಷ್ಯನ ದಾಖಲೆಯೇ ಹೋಯಿತು. ನನಗೆ ಇದು ಸಹಿಸಲಾಗದ ನಷ್ಟ.

ಪದಕ, ಟೋಪಿ ಬಿಲ್ಲೆ, ಪಿಂಚಣಿ ಪುಸ್ತಕ, ರಣರಂಗದಿಂದ ಬಂದ ಕಾಗದ, ಚರ್ಮದ ತೋಟೆಚೀಲ: ಇವಕ್ಕೆ ಆಯುಧ ಪರವಾನಗಿ ಬೇಕಿಲ್ಲ. ಚರ್ಮದ ಸಾಮಾನಿನ ಮೇಲೆ ನನಗೆ ವಿಶೇಷ ಮೋಹ. ಅಮೃತಮಹಲ್ ದನಗಳ ಕೇಂದ್ರವಾಗಿದ್ದ ಹುಣಸೂರಿನಲ್ಲೇ ಒಂದು ಕಾಲಕ್ಕೆ ಸೇನೆಗೆ ಬೂಟು ಹೊಲಿಯುತ್ತಿದ್ದರು, ಕಂಬಳಿ ನೇಯುತ್ತಿದ್ದರು. ಇಂಥವನ್ನು ಕೊಳ್ಳುವುದು ಕೈಖರ್ಚಿನ ದುಡ್ಡಿನಿಂದ ಮಾತ್ರ. ಮಗಳ ಓದಿಗೆಂದು ಕಟ್ಟುವ ಆರ್‌ಡಿಯನ್ನು ಇದಕ್ಕೆ ಮುಟ್ಟಿಲ್ಲ. ಇದು ಬಡ್ಡಿ ತರುವುದಿಲ್ಲ. ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತುವಾಗುವುದರಿಂದ ವಿದೇಶದ ಗಿರಾಕಿಗೆ ಕಳಿಸುವಂತೆಯೂ ಇಲ್ಲ. ಬಂದೂಕನ್ನೇ ನೋಡಬೇಕೆನಿಸಿದರೆ ಮಡಿಕೇರಿಗೆ ಹೋಗುತ್ತೇನೆ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ಕೊಳ್ಳುವವರಿಗಿಂತ ನನಗೆ ಚಿಂತೆ ಇರುವುದು ಅಟ್ಟದ ಮೇಲೆ ಅಜ್ಜನ ಕೋವಿ ಇರುವ ಮನೆಗಳ ಬಗ್ಗೆ. ಪರವಾನಗಿ ಇದ್ದವರು ತೀರಿಕೊಂಡ ಮೇಲೆ ಅದನ್ನು ಸುಮ್ಮನೆ ಇಟ್ಟುಕೊಂಡರೆ ಅಪರಾಧ. ‘ಕೆಟ್ಟಿದೆ, ಬರೀ ಅಲಂಕಾರಕ್ಕೆ’ ಅಂತ ನೀವೇ ತೀರ್ಮಾನಿಸಬೇಡಿ. ಮೊದಲು ಠಾಣೆಯಲ್ಲೋ ಪರವಾನಗಿ ಇರುವ ಆಯುಧ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಶೀದಿ ಪಡೆಯಿರಿ. ಆಮೇಲೆ ಮರಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಜೋಡಿಸಿ ಒಬ್ಬರ ಹೆಸರಿಗೆ ಅರ್ಜಿ ಹಾಕಿ. ಯಜಮಾನರು ಬದುಕಿದ್ದು ಅವರಿಗೆ 70 ತುಂಬಿದ್ದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, 2016ರ ಆಯುಧ ನಿಯಮಗಳ ಪ್ರಕಾರ ಈಗಲೇ ಮಕ್ಕಳ ಹೆಸರಿಗೆ ಅರ್ಜಿ ಸಲ್ಲಿಸಬಹುದು. ಅವರು ಇರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ.