ಗಂಟೆ, ಗೆಜ್ಜೆ, ಗಗ್ಗರ: ಹೆಸರು ತಿಳಿದು ಕೇಳೋಣ

ದರ್ಶನಕ್ಕೆ ಬರುವ ಭಕ್ತಾದಿಗಳು ಗಂಟೆ ಬಾರಿಸಿಯೇ ಒಳಗೆ ಹೋಗುತ್ತಾರೆ. ಆದರೆ ಗಂಟೆಗೂ ಜಾಗಟೆಗೂ, ಗೆಜ್ಜೆಗೂ ಗಗ್ಗರಕ್ಕೂ ವ್ಯತ್ಯಾಸ ಏನು ಅಂತ ಮಕ್ಕಳು ಕೇಳಿದರೆ ದೊಡ್ಡವರೇ ತಡವರಿಸುತ್ತಾರೆ.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ವಾದ್ಯಗಳು 4 ವಿಧ. ತಂತಿಯದು ತತ, ಊದುವುದು ಸುಷಿರ, ಚರ್ಮ ಬಿಗಿದದ್ದು ಅವನದ್ಧ, ಕಂಚು ಮೊದಲಾದ ಗಟ್ಟಿ ಪದಾರ್ಥದ್ದು ಘನ. ಗಂಟೆ, ಗೆಜ್ಜೆ ಎಲ್ಲಾ ಘನವಾದ್ಯಗಳು. ಇವುಗಳಲ್ಲಿ ನಾದ ಹುಟ್ಟುವ ಬಗೆ ಮುಖ್ಯವಾಗಿ 3.

1. ಬಡಿಯುವಂಥವು: ಭಜನೆಯ ತಾಳ, ಮಾದೇಶ್ವರನ ಗುಡ್ಡರ ಕಂಸಾಳೆ, ಹರಿಕಥೆ ದಾಸರ ಕೈಯ ಮರದ ಚಿಟಿಕೆ. ಜಾಗಟೆಯೂ ಇದೇ ಜಾತಿ, ಕೋಲಿನಿಂದ ಹೊಡೆಯಬೇಕು. ಪುರಾತನ ಈಜಿಪ್ಟಿನಲ್ಲೂ ದಂತದಲ್ಲಿ ಕೈಯ ಆಕಾರ ಕೆತ್ತಿ ಜೋಡಿ ಬಡಿಯುತ್ತಿದ್ದರು.

2. ಒಳಗೆ ಹರಳಿರುವಂಥವು: ಪುಟ್ಟ ಗುಂಡು ಚಿಪ್ಪಾದರೆ ಗೆಜ್ಜೆ, ಪೊಳ್ಳು ಬಳೆಯಾದರೆ ಗಗ್ಗರ. ಗಗ್ಗರ ಎಂಬ ಮಾತು ಸಂಸ್ಕೃತದ 'ಘರ್ಘರ'ದಿಂದ ಬಂದದ್ದು, ಶಬ್ದವೇ ಹೆಸರಾಗಿದೆ. ಮಗುವಿನ ಗಿಲಕಿಯೂ ಇದರ ಬಳಗ. ಹರಪ್ಪ, ಮೊಹೆಂಜೊದಾರೊಗಳಲ್ಲಿ ಮಣ್ಣಿನ ಗಿಲಕಿಗಳು ಸಿಕ್ಕಿವೆ. ತರೀಕೆರೆ ಸೀಮೆಯ ವೀರಗಾಸೆಯವರ ಕಾಲಲ್ಲಿ, ಅಜ್ಜಂಪುರದ ಕಡೆಯಿಂದ ಅಂತರಘಟ್ಟೆ ಜಾತ್ರೆಗೆ ಗಾಡಿ ಎಳೆಯುವ ಎತ್ತುಗಳ ಕೊರಳಲ್ಲಿ ಘಲ್ ಘಲ್ ಎನ್ನುವುದು ಗೆಜ್ಜೆಯೇ.

3. ನಾಲಿಗೆ ಇರುವಂಥದ್ದು: ಇದೇ ಗಂಟೆ. ಒಳಗೆ ತೂಗುವ ತುಂಡಿಗೆ ನಮ್ಮ ಹಿರಿಯರು ನಾಲಿಗೆ ಎಂದೇ ಕರೆದರು. ನಾಲಿಗೆ ಬಿದ್ದರೆ ಗಂಟೆ ಮೂಕ. ಹೊತ್ತು ತಿಳಿಸಲು ಬಾರಿಸುತ್ತಿದ್ದುದರಿಂದ 'ಗಂಟೆ ಎಷ್ಟು?' ಎಂಬ ಮಾತೂ ಬಂತು.

ಕಡೂರು ತಾಲ್ಲೂಕು ಬೀರೂರಿನ ಮೈಲಾರಲಿಂಗಸ್ವಾಮಿಯ ಗೊರವಯ್ಯಗಳ ಕೈಯಲ್ಲಿ ಡಮರುಗ ಇರುತ್ತದೆ. ಡಮರುಗವನ್ನು ಗಿಲಕಿಯಂತೆ ಅಲ್ಲಾಡಿಸಿದರೆ ದಾರದ ಗಂಟು ಬಡಿದು ನುಡಿಯುತ್ತದೆ. ಆದರೂ ಬಡಿಯುವುದು ಚರ್ಮಕ್ಕಾದ್ದರಿಂದ ಅದು ಅವನದ್ಧ, ಘನವಲ್ಲ.

ಈಗ ಅನೇಕ ದೇವಸ್ಥಾನಗಳಲ್ಲಿ ಮಂಗಳಾರತಿಗೆ ಕರೆಂಟಿನ ಯಂತ್ರ ಬಂದಿದೆ. ಸ್ವಿಚ್ ಹಾಕಿದರೆ ನಗಾರಿ, ಜಾಗಟೆ, ಗಂಟೆ ಎಲ್ಲಾ ಒಟ್ಟಿಗೆ ಬಡಿಯುತ್ತವೆ. ಜನ ಸಾಲದ ಕಡೆ ಅದರಿಂದ ಅನುಕೂಲವೂ ಉಂಟು. ಆದರೆ ಯಾವ ನಾದ ಯಾವುದರದು ಅಂತ ಕಿವಿಗೆ ಗೊತ್ತಾಗುವುದಿಲ್ಲ. ಬಾರಿಸುವ ಕೈ ತಪ್ಪಿದರೆ ಹದ ತಪ್ಪುತ್ತದೆ, ಹದ ತಪ್ಪಿದ ಮೇಲೆ ಹೆಸರೂ ಮರೆತುಹೋಗುತ್ತದೆ.

ಆದಕಾರಣ ಭಕ್ತಾದಿಗಳು ಮಕ್ಕಳನ್ನು ಎತ್ತಿಕೊಂಡು ಒಂದು ಸಲ ಗಂಟೆ ಬಾರಿಸಲು ಬಿಡಿ. ನಾದ ಪೂರ್ತಿ ಅಡಗುವ ತನಕ ಕೇಳಿಸಿಕೊಳ್ಳಲಿ. ಆಮೇಲೆ ನಾಲಿಗೆ ಯಾವುದು ಅಂತ ತೋರಿಸಿ, ಹೆಸರು ಹೇಳಿಕೊಡಿ.