ಮುಧೋಳ ನಾಯಿ ಸಾಕುವ ಮೊದಲು

ತಂಗಿ,

ಬೆಂಗಳೂರಿನ ಫ್ಲಾಟಿಗೆ ಮುಧೋಳ ನಾಯಿಮರಿ ತರಬೇಕು, ನಮ್ಮ ಸೀಮೆಯ ತಳಿ, ಅಜ್ಜ ನೀನೇ ಒಂದು ಒಳ್ಳೆಯ ಮರಿ ಆರಿಸಿಕೊಡು ಎಂದು ಕೇಳಿದ್ದೀಯ. ದನ, ಆಡು, ನಾಯಿಗಳ ನಡುವೆಯೇ ಪಶುವೈದ್ಯನ ನೌಕರಿ ಮುಗಿಸಿದವನು ನಾನು. ಮರಿ ಆರಿಸುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಮರಿ ನೋಡುವ ಮೊದಲು ನಿನ್ನ ದಿನ ಹೇಗೆ ಕಳೆಯುತ್ತದೆ ಎಂದು ನೋಡಬೇಕು. ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿ ಹೋಗಿ ರಾತ್ರಿ ಎಂಟಕ್ಕೆ ಬರುವವಳ ಮನೆಯಲ್ಲಿ ಆ ಜೀವ ಅಷ್ಟು ಹೊತ್ತು ಏನು ಮಾಡಬೇಕು? ಈ ಪ್ರಶ್ನೆ ಮುಂದಿಟ್ಟುಕೊಂಡೇ ಉಳಿದದ್ದನ್ನು ಓದು.

ಮುಧೋಳ ನಾಯಿಯನ್ನು ನೀನು ಫೋಟೋದಲ್ಲಿ ಕಂಡಿದ್ದೀಯ. ಉದ್ದ ಮುಖ, ಆಳದ ಎದೆ, ಒಳಸರಿದ ಹೊಟ್ಟೆ, ಎಣಿಸುವ ಹಾಗೆ ಕಾಣುವ ಪಕ್ಕೆಲುಬು. ಇದನ್ನು ಕಂಡು, ಹೊಟ್ಟೆಗೆ ಹಾಕಿಲ್ಲ ಎಂದು ಮರುಗುವ ಪಟ್ಟಣದವರು ಎಷ್ಟೋ ಜನ. ಅದರ ಮೈಕಟ್ಟೇ ಹಾಗೆ. ವಾಸನೆ ಹಿಡಿದು ನಿಧಾನಕ್ಕೆ ಹೋಗುವ ಜಾತಿಯಲ್ಲ ಇದು. ಕಣ್ಣಿಗೆ ಬಿದ್ದದ್ದರ ಹಿಂದೆ ಬಯಲಲ್ಲಿ ಓಡುವ ಜಾತಿ. ಬಾಗಲಕೋಟೆ, ವಿಜಯಪುರದ ಕಡೆಯ ಬಟಾಬಯಲಿನಲ್ಲಿ ಕುರಿಹಟ್ಟಿ ಕಾಯುತ್ತ, ಮೊಲದ ಬೆನ್ನು ಹತ್ತುತ್ತ ಬೆಳೆದುಬಂದ ರಕ್ತ ಅದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಜೋಪಾನ ಮಾಡಿದರು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನೇ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಸೈನ್ಯದವರೂ ಮರಿಗಳನ್ನು ಒಯ್ದು ಮೀರತ್‌ನಲ್ಲಿ ತರಬೇತಿ ಕೊಟ್ಟರು. ಇದೆಲ್ಲ ನಮಗೆ ಹೆಮ್ಮೆಯ ವಿಷಯವೇ. ಆದರೆ ತಳಿಯ ಹೆಮ್ಮೆಯಿಂದ ನಾಯಿಗೇನೂ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ದಿನಾ ಮೈಬಿಚ್ಚಿ ಓಡಲು ಬಯಲು.

ಈಗ ಮೊಲದ ಬೇಟೆ ಇಲ್ಲ, ಇರಲೂಬಾರದು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದು ಅಪರಾಧ. ಆದರೆ ಕಾಯ್ದೆ ಬಂತೆಂದು ನಾಯಿಯ ಕಾಲಿನ ಕಸುವು ಹೋಗಲಿಲ್ಲ. ಆ ಕಸುವಿಗೆ ದಾರಿ ಸಿಗದಿದ್ದರೆ ಸೋಫಾ ಹರಿಯುತ್ತದೆ, ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ, ಕೊನೆಗೆ ಮಂಕಾಗಿ ಮೂಲೆ ಹಿಡಿಯುತ್ತದೆ. ಮೂಲೆ ಹಿಡಿದ ನಾಯಿಯನ್ನು ಕಂಡು "ಈಗ ಒಳ್ಳೇದಾಗಿದೆ, ಗಲಾಟೆ ಇಲ್ಲ" ಅನ್ನುವವರಿದ್ದಾರೆ. ನನಗೆ ಅದರಷ್ಟು ಸಂಕಟದ ಮಾತು ಇನ್ನೊಂದಿಲ್ಲ. ನಾಯಿಯನ್ನು ಸದಾ ಸರಪಳಿಯಲ್ಲೇ ಕಟ್ಟಿಹಾಕಿ ಓಡಾಡಲು ಬಿಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು. ಮೊದಲ ತಪ್ಪಿಗೆ ಆ ಕಾಯ್ದೆ ಬರೆದಿಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ದಂಡಕ್ಕೆ ಹೆದರಿ ಯಾರೂ ಸರಪಳಿ ಬಿಚ್ಚುವುದಿಲ್ಲ. ಬಿಚ್ಚುವವರು ಕರುಳಿದ್ದೇ ಬಿಚ್ಚಬೇಕು.

ನಾಯಿಯ ಗುಣ ಅರಿತು ಅದನ್ನು ಕೇಳಿ ಪಡೆದವನೊಬ್ಬನ ಕಥೆ ಬೇಕಿದ್ದರೆ ಬೆಂಗಳೂರಿನಲ್ಲೇ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬಾ. ಅಲ್ಲಿ ಆತಕೂರಿನ ಕಲ್ಲು ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಸುದ್ದಿ ಅದರಲ್ಲಿದೆ. ರಾಷ್ಟ್ರಕೂಟ ಕೃಷ್ಣನ ಕಡೆ ನಿಂತು ಕಾದಿದವನು ಗಂಗರ ಬೂತುಗ. ಅವನ ಬಂಟ ಮಣಲೇರ. ಮಣಲೇರನ ಶೌರ್ಯಕ್ಕೆ ಮೆಚ್ಚಿದ ಬೂತುಗ ಬೇಕಾದದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಜೊತೆಯಲ್ಲೇ ಸತ್ತವು. ಅದಕ್ಕೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿನ ಪೂಜೆ ಮಾಡದೆ ಗುಡಿಯ ಅರ್ಚಕನಾದ ಗೊರವ ಉಣ್ಣಕೂಡದೆಂದು ಕಟ್ಟುಮಾಡಿದರು. ಎರಡೂ ಪ್ರಾಣಿಗಳು ಸೆಣಸುವ ಕೆತ್ತನೆ ಕಲ್ಲಿನ ಮೇಲೆ ಇಂದಿಗೂ ಇದೆ.

ಬೇಟೆಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ ತಂಗಿ. ಆ ನಾಯಿ ಏನು ಮಾಡಬಲ್ಲದು, ಅದರ ಕಸುವೇನು, ಗುಣವೇನು ಎಂಬುದನ್ನು ಮಣಲೇರ ಬಲ್ಲ. ಬಲ್ಲದ್ದಕ್ಕೇ ಕೇಳಿದ. ಇಂದು ನಾಯಿ ತರುವ ಬಹಳ ಮಂದಿಗೆ ಬಣ್ಣ ಗೊತ್ತು, ಬೆಲೆ ಗೊತ್ತು, ಸ್ವಭಾವ ಗೊತ್ತಿಲ್ಲ. ಹಚ್ ಎಂಬ ಮೊಬೈಲ್ ಕಂಪನಿಯ ಜಾಹೀರಾತು ನೋಡಿ ಊರೆಲ್ಲ ಪಗ್ ತಂದ ಕಾಲ ನನಗೆ ನೆನಪಿದೆ. ಮೂಗು ಚಪ್ಪಟೆಯಾದ ಆ ನಾಯಿ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಉಸಿರಿಗೆ ಒದ್ದಾಡುತ್ತದೆ. ಹಿಮದ ನಾಡಿನ ಹಸ್ಕಿಯನ್ನು ಕಲಬುರಗಿಯ ಬಿಸಿಲಿಗೆ ತಂದು ಕಟ್ಟಿದ್ದನ್ನೂ ಕಂಡಿದ್ದೇನೆ. 2022ರಲ್ಲಿ ಬಂದ '777 ಚಾರ್ಲಿ' ಸಿನಿಮಾ ನೋಡಿ ನೀನೂ ಅತ್ತೆಯಲ್ಲ, ಅದರಲ್ಲಿ ಮರಿ ಮಾರುವ ದಂಧೆಯ ಕ್ರೌರ್ಯವೂ ಇತ್ತು. ಅದನ್ನು ಮರೆಯಬೇಡ. 2017ರ ನಿಯಮದಂತೆ ನಾಯಿ ತಳಿ ಮಾಡುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ತಾಯಿಯನ್ನು ತೋರಿಸದೆ, ರಸ್ತೆಬದಿಯಲ್ಲಿ ಬುಟ್ಟಿಯೊಳಗೆ ಮರಿ ಕೊಡುವವನ ಹತ್ತಿರ ಏನನ್ನೂ ಕೊಳ್ಳಬೇಡ. ಪಾಪ ಅನ್ನಿಸಿದರೂ ಕೊಳ್ಳಬೇಡ. ನೀನು ಕೊಟ್ಟ ದುಡ್ಡಿನಲ್ಲೇ ಮುಂದಿನ ಸೂಲು ಹುಟ್ಟುತ್ತದೆ.

ಇನ್ನು ದುಡಿಯುವ ನಾಯಿಗಳ ವಿಚಾರ. ಪೊಲೀಸರ ಶ್ವಾನದಳ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದರೆ ನಿನಗೆ ಸಾಕಷ್ಟು ತಿಳಿಯುತ್ತದೆ. ಬಾಂಬು ಹುಡುಕುವ ನಾಯಿಗೆ ಬಾಂಬು ಅಂದರೆ ಏನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು, ಈ ವಾಸನೆ ಹಿಡಿದು ಕುಳಿತರೆ ತನ್ನ ಚೆಂಡು ಸಿಗುತ್ತದೆ, ತನ್ನವನು ಬೆನ್ನು ತಟ್ಟಿ ಆಡಿಸುತ್ತಾನೆ ಎಂಬುದಷ್ಟೇ. ಅದನ್ನು ನೋಡಿಕೊಳ್ಳುವ ಸಿಬ್ಬಂದಿ ಬೆಳಗಿನ ವ್ಯಾಯಾಮ ಮಾಡಿಸಿ, ಮೈ ಉಜ್ಜಿ, ಪಾದ ನೋಡಿ, ಕಿವಿ ನೋಡಿ, ಹೊತ್ತಿಗೆ ಸರಿಯಾಗಿ ಊಟ ಇಡುತ್ತಾರೆ. ಬೈದು ಬಡಿದು ಕಲಿಸಿದ ನಾಯಿ ಹುಡುಕುವ ಕೆಲಸಕ್ಕೆ ಬರುವುದಿಲ್ಲ. ಹೆದರಿದ ನಾಯಿ ವಾಸನೆ ಬಿಟ್ಟು ಮನುಷ್ಯನ ಮುಖ ನೋಡತೊಡಗುತ್ತದೆ. ಮನೆಯ ನಾಯಿಗೂ ಇದೇ ಸೂತ್ರ. ಬೂಟು ಕಚ್ಚಿತೆಂದು ಸಂಜೆ ಬಂದು ಹೊಡೆದರೆ, ನೀನು ಮನೆಗೆ ಬರುವುದಕ್ಕೂ ಏಟಿಗೂ ಅದು ಗಂಟು ಹಾಕಿಕೊಳ್ಳುತ್ತದೆ. ಮರುದಿನ ನೀನು ಬಾಗಿಲು ತೆಗೆದಾಗ ಮುದುಡಿ ಕೂರುವುದನ್ನು ಕಂಡು "ತಪ್ಪು ಅರ್ಥವಾಗಿದೆ" ಅಂದುಕೊಳ್ಳುತ್ತೀಯ. ಅದಕ್ಕೆ ಅರ್ಥವಾಗಿರುವುದು ಭಯ ಮಾತ್ರ.

ತಿರುಗಾಡಿಸಲು ಹೋದಾಗ ಬೆಲ್ಟು ಜಗ್ಗಿ ಓಡಿಸಬೇಡ. ಕಂಬದ ಬುಡ, ಗಿಡದ ಬುಡ ಮೂಸಲು ಬಿಡು. ಕಾಲಿನ ಓಟದಷ್ಟೇ ಮೂಗಿನ ದುಡಿಮೆಯೂ ನಾಯಿಯನ್ನು ದಣಿಸುತ್ತದೆ. ಮಳೆ ಬಂದು ಹೊರಗೆ ಹೋಗಲಾಗದ ದಿನ ಊಟದ ತುಣುಕುಗಳನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ಅಡಗಿಸಿಟ್ಟು ಹುಡುಕಿಸು. ಬೇಸಿಗೆಯಲ್ಲಿ ಡಾಂಬರು ರಸ್ತೆಗೆ ನಿನ್ನ ಅಂಗೈ ಹಿಂಬದಿ ಒತ್ತಿ ನೋಡು. ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ಇಳಿಸಬೇಡ, ಪಾದ ಬೇಯುತ್ತದೆ. ನಮ್ಮಂತೆ ಮೈಯೆಲ್ಲ ಬೆವತು ತಂಪಾಗುವ ಸೌಕರ್ಯ ಅದಕ್ಕಿಲ್ಲ, ನಾಲಗೆ ಚಾಚಿ ಏದುಸಿರಿನಲ್ಲೇ ಕಾವು ಇಳಿಸಿಕೊಳ್ಳಬೇಕು. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಟ್ಟುಹೋಗಬೇಡ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀನು ಉಣ್ಣುವುದನ್ನೆಲ್ಲ ಹಾಕಬೇಡ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಜ್ವರ ಎಂದು ನಿನ್ನ ಪ್ಯಾರಾಸಿಟಮಾಲ್ ಮಾತ್ರೆ ಮುರಿದು ಕೊಡಬೇಡ.

ಲಸಿಕೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಆರರಿಂದ ಎಂಟು ವಾರದ ಹೊತ್ತಿಗೆ ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು. ರಕ್ತಭೇದಿಯಲ್ಲಿ ಎರಡೇ ದಿನಕ್ಕೆ ಸೋತುಹೋಗುವ ಮರಿಗಳನ್ನು ನೋಡಿದವನು ಇದನ್ನು ಹಗುರವಾಗಿ ಹೇಳಲಾರ. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು, ಆಮೇಲೆ ಡಾಕ್ಟರು ಬರೆದ ದಿನಕ್ಕೆ ಸರಿಯಾಗಿ ಮತ್ತೆ ಮತ್ತೆ. ಯಾವ ನಾಯಿಯಾದರೂ, ನಿನ್ನದೇ ಆದರೂ, ಕಚ್ಚಿದರೆ ಅಥವಾ ಪರಚಿದರೆ ಮೊದಲು ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆ. ಖಾರದ ಪುಡಿ, ಸುಣ್ಣ, ಕಾಫಿಪುಡಿ ಯಾವುದನ್ನೂ ಹಚ್ಚಬೇಡ. ಅದೇ ದಿನ ಆಸ್ಪತ್ರೆಗೆ ಹೋಗು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ಮೊದಲ ದಿನದ ಸೂಜಿ, ಆಮೇಲೆ 3, 7, 28ನೇ ದಿನದವು. ಗಾಯದಿಂದ ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಮದ್ದಿಲ್ಲ. ನಾಯಿಯ ಪ್ರೀತಿಯೂ ಈ ಎಚ್ಚರವೂ ಒಂದೇ ಮನೆಯಲ್ಲಿ ಇರಬೇಕು.

ಹೆಣ್ಣುಮರಿಯನ್ನು ಸಾಕಿದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸು. "ಒಂದು ಸಲವಾದರೂ ಮರಿ ಹಾಕಲಿ" ಎಂದು ನಿನ್ನ ಅಜ್ಜಿಯೇ ಹೇಳಿಯಾಳು. ಹುಟ್ಟುವ ಆರೇಳು ಮರಿಗಳಿಗೆ ಮನೆ ಹುಡುಕುವವರು ಯಾರು ಎಂದು ಅವಳನ್ನೇ ಕೇಳು. ಮುಧೋಳದಂಥ ಸಣಕಲು ಮೈಯ ನಾಯಿಗೆ ಕೊಬ್ಬು ಕಡಿಮೆ, ಅರಿವಳಿಕೆ ಕೊಡುವಾಗ ಬೇರೆಯದೇ ಎಚ್ಚರ ಬೇಕು. ತಳಿ ಯಾವುದೆಂದು ಡಾಕ್ಟರಿಗೆ ಮೊದಲೇ ಹೇಳು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಈಗಿನ ನೌಕರಿ, ಈಗಿನ ಮನೆಗೆ ಮುಧೋಳ ನಾಯಿ ಬೇಡ. ನಾಯಿಯ ಒಡನಾಟವೇ ಬೇಕಿದ್ದರೆ ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಮಲಗುವ ನಾಟಿ ನಾಯಿಗಳನ್ನು ಕಣ್ಣೆತ್ತಿ ನೋಡು. ನಮ್ಮ ಹವೆಗೆ ಒಗ್ಗಿದ ಮೈ, ನಡಿಗೆ ಸಿಕ್ಕರೆ ಸಾಕೆನ್ನುವ ಸ್ವಭಾವ. ದತ್ತು ಕೊಡುವ ಆಶ್ರಯಗಳಲ್ಲಿ ಬೆಳೆದ ನಾಯಿಗಳೂ ಇವೆ. ದೊಡ್ಡದಾದ ನಾಯಿಯ ಸ್ವಭಾವ ಮೊದಲ ಭೇಟಿಯಲ್ಲೇ ತಕ್ಕಮಟ್ಟಿಗೆ ತಿಳಿಯುತ್ತದೆ, ಮರಿಯದು ತಿಳಿಯುವುದಿಲ್ಲ. ಅಪಾರ್ಟ್‌ಮೆಂಟಿನ ಸಂಘದವರು ನಾಯಿ ಸಾಕಕೂಡದೆಂದರೆ ಹೆದರಬೇಡ, ಸಾಕುಪ್ರಾಣಿಗೆ ನಿಷೇಧ ಹಾಕುವ ಅಧಿಕಾರ ಅವರಿಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ತಿಳಿಸಿದೆ. ಆದರೆ ನಾಯಿಯ ಮಲ ಬಳಿಯುವುದು, ಲಿಫ್ಟಿನಲ್ಲಿ ಹೆದರುವವರು ಇದ್ದರೆ ಮುಂದಿನದಕ್ಕೆ ಕಾಯುವುದು ನಿನ್ನ ಕೆಲಸ.

ಇಷ್ಟಾದರೂ ಮುಧೋಳವೇ ಬೇಕು, ನೌಕರಿ ಮನೆಯಿಂದಲೇ ಮಾಡುತ್ತೇನೆ, ಹತ್ತಿರದಲ್ಲಿ ಬೇಲಿ ಹಾಕಿದ ಬಯಲಿದೆ ಅನ್ನುವುದಾದರೆ ದೀಪಾವಳಿ ಕಳೆಯಲಿ. ಪಟಾಕಿಯ ಸದ್ದಿಗೆ ಹೊಸ ಮರಿ ತತ್ತರಿಸುವ ಹಾಗಾಗಬಾರದು. ಸಂಕ್ರಾಂತಿಗೆ ಊರಿಗೆ ಬಾ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಇಬ್ಬರೂ ಹೋಗಿ ಬೆಳೆದ ನಾಯಿಗಳು ಓಡುವುದನ್ನು ನೋಡೋಣ. ಅವತ್ತೇ ಮರಿ ತರುವುದಿಲ್ಲ, ಅದನ್ನು ಈಗಲೇ ಹೇಳಿರುತ್ತೇನೆ. ಬರುವಾಗ ಒಂದು ಹಾಳೆಯಲ್ಲಿ ನಿನ್ನ ವಾರದ ಏಳೂ ದಿನ ಬೆಳಿಗ್ಗೆ, ಸಂಜೆ ನಾಯಿಯನ್ನು ಓಡಿಸುವವರು ಯಾರು, ನೀನು ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು, ಹತ್ತು ಹನ್ನೆರಡು ವರ್ಷದ ಡಾಕ್ಟರ ಖರ್ಚು ಎಲ್ಲಿಂದ ಎಂದು ಬರೆದುಕೊಂಡು ಬಾ. ನಿನ್ನ ಗಂಡನಾಗುವವನಿಗೂ ಆ ಹಾಳೆ ತೋರಿಸಿ ಅವನ ಹೆಸರೂ ಅದರಲ್ಲಿ ಬರೆಸಿಕೊಂಡು ಬಾ.