ಗಂಜಲದ ಘಾಟೂ ಮುಂಗಾರು ಮೋಡವೂ



ಮಳೆಗಾಲದ ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆಗೆದೊಡನೆ ಕಣ್ಣುರಿಸುವ ಘಾಟು ನಿಮಗೆಲ್ಲ ಗೊತ್ತಿರುವುದೇ. ಅದು ಅಮೋನಿಯ ಅನಿಲ. ಗಂಜಲದಲ್ಲಿರುವ ಯೂರಿಯವನ್ನು ಸಗಣಿಯಲ್ಲಿರುವ ಕಿಣ್ವ ಒಡೆದಾಗ ಇದು ಹುಟ್ಟುತ್ತದೆ. ಎರಡೂ ಬೆರೆತು ಕೆಲವು ಗಂಟೆ ನಿಂತರೆ ಸಾಕು. ರಾಜರಾಜೇಶ್ವರಿನಗರ, ಕೆಂಗೇರಿ ಕಡೆ ಮನೆಗಳ ನಡುವೆ ಉಳಿದಿರುವ ಇಕ್ಕಟ್ಟಾದ ಕೊಟ್ಟಿಗೆಗಳಲ್ಲಿ, ಎರಚಲಿಗೆ ಹೆದರಿ ಕಿಟಕಿಗೆ ಗೋಣಿಚೀಲ ಕಟ್ಟಿದರಂತೂ ಉಸಿರಾಡುವುದೇ ಕಷ್ಟ.

ಹೊರಗೆ ಹೋದ ಘಾಟು ಏನಾಗುತ್ತದೆ? ಸಾಕಷ್ಟು ಭಾಗ ಸುತ್ತಲಿನ ಮಣ್ಣಿಗೆ ಇಳಿಯುತ್ತದೆ, ಮಳೆಯಲ್ಲಿ ಕರಗಿ ಬೀಳುತ್ತದೆ. ಉಳಿದುದರಲ್ಲಿ ಒಂದಂಶವನ್ನು ಮುಂಗಾರು ಮೇಲಕ್ಕೆ ಒಯ್ಯುತ್ತದೆ. ಬಿಸಿಯಾದ ತೇವಗಾಳಿ ಹಗುರಾಗಿ ಏರುತ್ತದೆ. ಮೇಲೆ ನೀರಾವಿ ತಣಿದು ಹನಿಯಾಗುವಾಗ ಹೊರಬೀಳುವ ಶಾಖ ಗಾಳಿಯನ್ನು ಇನ್ನಷ್ಟು ಎತ್ತುತ್ತದೆ. ಹೀಗೆ ದೊಡ್ಡ ಗುಡುಗು ಮೋಡಗಳು 15-16 ಕಿ.ಮೀ. ಎತ್ತರ ಮುಟ್ಟುತ್ತವೆ. ತೇವದ ಜೊತೆಗೆ ಹೊಗೆ, ಧೂಳು, ಅಮೋನಿಯವೂ ಹೊರಟಿರುತ್ತವೆ. ಅಲ್ಲಿ, ಪ್ರತಿ ಮಳೆಗಾಲ ಏಷ್ಯಾದ ಮೇಲೆ ನಿಲ್ಲುವ ದೊಡ್ಡ ಗಾಳಿಸುಳಿಯೊಳಗೆ ಅವು ಸುತ್ತುತ್ತಿರುತ್ತವೆ.

2014ರಿಂದ 2018ರವರೆಗೆ ಇಸ್ರೋ ಮತ್ತು ನಾಸಾ ಸೇರಿ ಹೈದರಾಬಾದ್ ಮುಂತಾದ ಕಡೆಗಳಿಂದ ಬಲೂನು ಹಾರಿಸಿ ಈ ಪದರವನ್ನು ಅಳೆದರು. 2017ರ ಮಳೆಗಾಲದಲ್ಲಿ ಕಠ್ಮಂಡುವಿನಿಂದ ಹಾರಿದ ಸಂಶೋಧನಾ ವಿಮಾನಕ್ಕೆ ಅಷ್ಟೆತ್ತರದಲ್ಲಿ ಅಮೋನಿಯಂ ನೈಟ್ರೇಟ್ ಕಣಗಳು ಸಿಕ್ಕವು. ಅಂದರೆ ಗೊಬ್ಬರದ ಲವಣ! ಇದಕ್ಕೆ ಬೇಕಾದ ಅಮೋನಿಯ ಮುಖ್ಯವಾಗಿ ಬರುವುದು ಹೊಲಕ್ಕೆ ಹಾಕಿದ ಯೂರಿಯದಿಂದ, ದನಗಳ ಗಂಜಲದಿಂದ. ಉತ್ತರದ ಸಿಂಧೂ-ಗಂಗಾ ಬಯಲಿನ ಪಾಲೇ ಇದರಲ್ಲಿ ದೊಡ್ಡದು, ನಮ್ಮ ನಾಲ್ಕು ಹಸುಗಳನ್ನು ದೂರಬೇಕಾಗಿಲ್ಲ.

ಆದರೆ ನಷ್ಟ ನಮ್ಮದೇ. ಹಾರಿಹೋದದ್ದು ನೀವು ಕಾಸು ಕೊಟ್ಟು ತಂದ ಹಿಂಡಿಯ ಸಾರಜನಕ, ತಿಪ್ಪೆ ಸೇರಬೇಕಾಗಿದ್ದುದು. ಹೋಗುವ ಮುನ್ನ ಅದು ಕರುಗಳ ಶ್ವಾಸಕೋಶವನ್ನು ಕೆಡಿಸುತ್ತದೆ. ಕೆಮ್ಮು, ನ್ಯುಮೋನಿಯಕ್ಕೆ ದಾರಿಯಾಗುತ್ತದೆ. ಕರು ಮಲಗುವ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅದರ ಮೂಗಿನ ಮಟ್ಟದಲ್ಲಿ ಒಮ್ಮೆ ಉಸಿರೆಳೆದು ನೋಡಿ. ನಿಂತಾಗ ತಿಳಿಯದ ಘಾಟು ಅಲ್ಲಿ ತಿಳಿಯುತ್ತದೆ.

ನೆಲ ಇಳಿಜಾರಾಗಿದ್ದು, ಗಂಜಲ ಸಗಣಿಯೊಡನೆ ನಿಲ್ಲದೆ ಮುಚ್ಚಿದ ಗುಂಡಿಗೆ ಹರಿಯಲಿ. ಗೋಣಿಚೀಲ ಕಟ್ಟಿದರೂ ಸೂರಿನ ಕೆಳಗೆ ಒಂದು ಮೊಳ ತೆರೆದಿರಲಿ. ಗಂಜಲದ ಮೇಲೆ ಒಲೆಬೂದಿ, ಸುಣ್ಣ ಎರಚುವ ರೂಢಿ ಹಲವರಲ್ಲಿದೆ. ಇವು ಕ್ಷಾರ, ಅಮೋನಿಯ ಇನ್ನೂ ಬೇಗ ಹಾರುತ್ತದೆ. ಸುಣ್ಣ ಬೇಕಿದ್ದರೆ ನೆಲ ತೊಳೆದು ಒಣಗಿದ ಮೇಲೆ ಹಾಕಿ. ಗಂಜಲ ಹೀರಲು ಒಣಮಣ್ಣು, ತೆಂಗಿನ ನಾರಿನ ಪುಡಿ ಒಳ್ಳೆಯದು. ತಿಪ್ಪೆಗೆ ಸ್ವಲ್ಪ ಸೂಪರ್ ಫಾಸ್ಫೇಟ್ ಉದುರಿಸಿ. ಮೇವಿನ ಹುಲ್ಲಿಗೆ ಹಾಕುವ ಯೂರಿಯದ 45 ಕೆ.ಜಿ. ಚೀಲದಲ್ಲಿ 20 ಕೆ.ಜಿ.ಗೂ ಹೆಚ್ಚು ಸಾರಜನಕವಿದೆ. ಅದನ್ನು ತೇವದ ನೆಲದ ಮೇಲೆ ಎರಚಿ ಹಾಗೇ ಬಿಡದೆ, ಮಣ್ಣಿನಲ್ಲಿ ಬೆರೆಸಿ ಇಲ್ಲವೇ ಕೂಡಲೇ ನೀರು ಹಾಯಿಸಿ.